ದಿನಾ ಒಯ್ಯಲು ಚಿಕ್ಕ ರಿವಾಲ್ವರ್: ಹಗುರ ಇದ್ದರೆ ಸಾಕಾ?

ಶಿವಮೊಗ್ಗ_ಸೀತಾಫಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಹ್ಯೂಸ್ಟನ್ ಪಕ್ಕ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಗ್ರೀನ್ ಕಾರ್ಡ್ ಇದೆ. ಟೆಕ್ಸಸ್ ಎಲ್‌ಟಿಸಿ (ಗನ್ ಒಯ್ಯುವ ಲೈಸೆನ್ಸ್) ತರಗತಿಗೆ ಹೆಸರು ಕೊಟ್ಟಿದ್ದೇನೆ. ಯಜಮಾನರ ಹತ್ತಿರ 9 ಎಂಎಂ ಪಿಸ್ತೂಲ್ ಇದೆ. ಅದರ ಸ್ಲೈಡ್ (ಹಿಂದಕ್ಕೆ ಜಾರುವ ಮೇಲ್ಭಾಗ) ಎಳೆಯುವಷ್ಟರಲ್ಲಿ ನನ್ನ ಬೆರಳು ಸೋಲುತ್ತವೆ. ಅದಕ್ಕೇ ಚಿಕ್ಕ ರಿವಾಲ್ವರ್ ಹುಡುಕುತ್ತಿದ್ದೇನೆ.

ಅಂಗಡಿಯಲ್ಲಿ ಮೊದಲು ಕೈಗೆ ಕೊಟ್ಟಿದ್ದು ಸ್ಮಿತ್ ಅಂಡ್ ವೆಸ್ಸನ್ 642, ಆಮೇಲೆ ರೂಗರ್ ಎಲ್‌ಸಿಆರ್. ಎರಡೂ .38 ಸ್ಪೆಷಲ್ ಅನ್ನುವ ಅಳತೆಯ ಗುಂಡಿನವು, ಎರಡಕ್ಕೂ ಐದೇ ಗುಂಡು. ಎಲ್‌ಸಿಆರ್ ಬರೀ 13.5 ಔನ್ಸ್ (ಸುಮಾರು 380 ಗ್ರಾಂ). ಕೈಯಲ್ಲಿ ಇದೆಯೋ ಇಲ್ಲವೋ ಅನ್ನಿಸಿತು. ಕೊನೆಗೆ 340ಪಿಡಿ ಅಂತ ಇನ್ನೂ ಹಗುರದ್ದು ತೆಗೆದರು, 12 ಔನ್ಸಿಗೂ ಕಡಿಮೆ. "ಹೆಂಗಸರಿಗೆ ಇದೇ ಬೆಸ್ಟ್" ಅಂದರು. ಬೆಲೆ ಕೇಳಿ ಮೆತ್ತಗೆ ವಾಪಸ್ ಇಟ್ಟೆ.

ದಿನಾ ಒಯ್ಯಬೇಕು, ಭಾರ ಅನ್ನಿಸಬಾರದು, ಹೊಡೆದಾಗ ಕೈ ನೋಯಬಾರದು. ಡ್ಯೂಟಿಗೆ ಸ್ಕ್ರಬ್ಸ್, ಉಳಿದ ಹೊತ್ತು ಚೂಡಿದಾರ. ಬೆಲ್ಟ್ ಕಟ್ಟುವ ಬಟ್ಟೆಯನ್ನೇ ನಾನು ಹಾಕುವುದಿಲ್ಲ. ಏನು ಮಾಡಲಿ?

ಡಾಲಸ್_ದೇವು

ಆ ಅಂಗಡಿಯವನ ಮಾತು ಬಿಡಿ ಮೇಡಂ. ಹೆಂಗಸರು ಬಂದರೆ ಅತಿ ಚಿಕ್ಕದು, ಅತಿ ಹಗುರದ್ದು ತೋರಿಸುವುದು ಇಲ್ಲಿನ ಕೌಂಟರ್‌ಗಳ ಹಳೇ ಚಾಳಿ. ಮೊದಲ ಸಲ ಗನ್ ಕೊಳ್ಳುವವರ ಕೈಗೆ ಕೊಡಲೇಬಾರದ ವಸ್ತು 340ಪಿಡಿ. ಸ್ಕ್ಯಾಂಡಿಯಂ ಮಿಶ್ರಣದ ಫ್ರೇಮ್, ಅದರಲ್ಲಿ .357 ಮ್ಯಾಗ್ನಮ್ ಅನ್ನುವ ಜೋರು ಗುಂಡೂ ಹೊಡೆಯಬಹುದು ಅಂತಾರೆ. ಹೊಡೆಯಬಹುದು ನಿಜ. ಸಿಂಥೆಟಿಕ್ ಚೆಂಡು ಬ್ಯಾಟಿನ ತುದಿಗೆ ಬಡಿದಾಗ ಅಂಗೈ ಜುಮ್ಮೆನ್ನುತ್ತಲ್ಲ, ಅದನ್ನು ನಾಲ್ಕು ಪಾಲು ಮಾಡಿಕೊಳ್ಳಿ.

ಅದರ ಬ್ಯಾರಲ್ ಮೇಲೆ 120 ಗ್ರೇನ್‌ಗಿಂತ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಗುರದ ಗುಂಡು ಹಾಕಬೇಡಿ ಅಂತ ಕೊರೆದಿರುತ್ತಾರೆ. ಅಷ್ಟು ಹಗುರ ಗನ್ ಹಿಂದಕ್ಕೆ ಒದ್ದಾಗ ಉಳಿದ ಗುಂಡುಗಳ ಮೂತಿ ಅವುಗಳ ಲೋಹದ ಕವಚದಿಂದ (ಕೇಸ್) ಮುಂದಕ್ಕೆ ಜಾರಬಹುದು. ಮೂತಿ ಹೊರಗೆ ಬಂದರೆ ಸಿಲಿಂಡರ್ ತಿರುಗುವುದೇ ಇಲ್ಲ, ಗನ್ ಅಲ್ಲೇ ಬಂದ್.

ಜೇಬಿಗೆ ಹಗುರ ಆದಷ್ಟೂ ಕೈಗೆ ಕಷ್ಟ. ತಕ್ಕಡಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೀವು ರೇಂಜಿನಲ್ಲಿ ನಿರ್ಧರಿಸಬೇಕು, ಕೌಂಟರ್ ಮುಂದೆ ಅಲ್ಲ. ಬಾಡಿಗೆಗೆ ಕೊಡುವ ರೇಂಜ್ ಹುಡುಕಿ. 642 ಮತ್ತು 640 ಎರಡನ್ನೂ ಒಂದೇ ದಿನ ಹೊಡೆದು ನೋಡಿ. ಆಕಾರ ಹೆಚ್ಚುಕಮ್ಮಿ ಒಂದೇ. 642 ಅಲ್ಯೂಮಿನಿಯಂ, ಸುಮಾರು 15 ಔನ್ಸ್. 640 ಪೂರ್ತಿ ಸ್ಟೀಲ್, 22ರ ಮೇಲೆ. ಒಂದೇ ಗುಂಡು ಎರಡರಲ್ಲೂ ಹಾಕಿ. ಆಮೇಲೆ ಮಾತಾಡೋಣ.

ಸುಮ್ನೆ_ಕೇಳ್ದೆ

ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. ಇದೆಲ್ಲ ಯಾಕೆ ಬೇಕು? ಪೆಪ್ಪರ್ ಸ್ಪ್ರೇ ಸಾಲದಾ? ಮನೆಯಲ್ಲಿ ಮಕ್ಕಳಿದ್ದರೆ ಗನ್ನಿಂದ ಆಗುವ ಅಪಾಯವೇ ಹೆಚ್ಚು ಅನ್ನುವವನು ನಾನು.

ಶಿವಮೊಗ್ಗ_ಸೀತಾಫಲ

ಬೇಜಾರೇನಿಲ್ಲ, ಕೇಳಬೇಕಾದ್ದೇ. ಸ್ಪ್ರೇ ಕೀ ಗೊಂಚಲಲ್ಲೇ ಇದೆ, ಮುಂದೂ ಇರುತ್ತದೆ. ಮಗಳಿಗೆ ಆರು ವರ್ಷ. ಯಜಮಾನರ ಪಿಸ್ತೂಲಿಗೆ ಗೋಡೆಗೆ ಬೋಲ್ಟ್ ಹಾಕಿದ ಸೇಫ್ ಇದೆ, ನನ್ನದಕ್ಕೂ ಬರುತ್ತದೆ. ಮಧ್ಯರಾತ್ರಿ ಮನೆಗೆ ತುಂಬಾ ದೂರ ಡ್ರೈವ್ ಇದೆ, ನಡುವೆ ಗ್ಯಾಸ್ ಸ್ಟೇಷನ್. ನಿರ್ಧಾರ ನಾವಿಬ್ಬರೂ ಕೂತು ಮಾಡಿದ್ದು.

ಹ್ಯೂಸ್ಟನ್_ಹರಟೆ

ಇಲ್ಲೊಂದು ವಿಷಯ ಯಾರೂ ಹೇಳಲಿಲ್ಲ. ಆಸ್ಪತ್ರೆ ಒಳಗೆ ನೀವು ಒಯ್ಯುವಂತಿಲ್ಲ. ಅಂದರೆ ಪಾಳಿ ಪೂರ್ತಿ ರಿವಾಲ್ವರ್ ಕಾರಲ್ಲಿರುತ್ತದೆ. ವಾರ್ಡಿನಿಂದ ಗ್ಯಾರೇಜಿಗೆ ನಡೆಯುವ ಆ ಕತ್ತಲ ದಾರಿಯಲ್ಲಿ ಅದು ನಿಮ್ಮ ಹತ್ತಿರ ಇರುವುದೇ ಇಲ್ಲ. ಅಲ್ಲಿಗೆ ಸೆಕ್ಯುರಿಟಿಯವರನ್ನು ಜೊತೆಗೆ ಕರೆಯಿರಿ. ಬಹಳ ಆಸ್ಪತ್ರೆಗಳಲ್ಲಿ ಫೋನ್ ಮಾಡಿದರೆ ಬರುತ್ತಾರೆ, ಕೇಳುವವರೇ ಕಡಿಮೆ.

ಕಾರಲ್ಲಿ ಇಡುವುದಕ್ಕೆ ತೊಂದರೆ ಇಲ್ಲ. 2011ರಿಂದ ಟೆಕ್ಸಸ್‌ನಲ್ಲಿ ಕಾನೂನು ಇದೆ. ಕಾನೂನು ಪ್ರಕಾರ ಗನ್ ಇಟ್ಟುಕೊಂಡಿರುವ ನೌಕರ ಅದನ್ನು ಬೀಗ ಹಾಕಿದ ತನ್ನ ಕಾರಿನಲ್ಲಿ ಬಿಟ್ಟರೆ ಸಾಮಾನ್ಯವಾಗಿ ಮಾಲೀಕ ಬೇಡ ಅನ್ನುವಂತಿಲ್ಲ. ಕೆಲವು ವಿನಾಯಿತಿಗಳಿವೆ, ಎಚ್‌ಆರ್ ಪಾಲಿಸಿ ಒಮ್ಮೆ ಓದಿ. ಆದರೆ ಗ್ಲೋವ್ ಬಾಕ್ಸಲ್ಲಿ ಬೇಡವೇ ಬೇಡ. ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಸೀಟಿನ ಕಾಲಿಗೆ ಸ್ಟೀಲ್ ಕೇಬಲ್ ಸುತ್ತಿದ ಲಾಕ್ ಬಾಕ್ಸ್ ತಗೊಳ್ಳಿ.

ಇನ್ನು ಮುಖ್ಯ ಮಾತು. ದಿನಕ್ಕೆರಡು ಸಲ ಕಾರಿನೊಳಗೆ ಕೂತು ಗನ್ ತೆಗೆಯಬೇಕು, ಮತ್ತೆ ಹಾಕಿಕೊಳ್ಳಬೇಕು. ಕಿಟಕಿ ಪಕ್ಕ ಇಕ್ಕಟ್ಟು, ಸುಸ್ತು, ಅವಸರ. ಕೈತಪ್ಪಿ ಗುಂಡು ಹಾರುವುದು ಇಂಥ ಹೊತ್ತಲ್ಲೇ. ಅದಕ್ಕೇ ಹೋಲ್‌ಸ್ಟರ್ ಸಮೇತ ಹೊರಗೆ ಬರುವ ವ್ಯವಸ್ಥೆ ಇರಬೇಕು. ಟ್ರಿಗರ್ ಮುಚ್ಚಿಕೊಂಡೇ ಇರಬೇಕು, ಹಾಗೇ ಬಾಕ್ಸಿಗೆ ಹೋಗಬೇಕು. ಯಾವ ರಿವಾಲ್ವರ್ ಅನ್ನುವುದಕ್ಕಿಂತ ಮೊದಲು ನಾನು ಇದನ್ನು ಯೋಚಿಸುತ್ತಿದ್ದೆ.

ಶಿವಮೊಗ್ಗ_ಸೀತಾಫಲ

ಅಯ್ಯೋ, ಹೌದಲ್ವಾ! ಗ್ಯಾರೇಜ್ ವಿಷಯ ಹೊಳೆದೇ ಇರಲಿಲ್ಲ. ಸೆಕ್ಯುರಿಟಿಯವರನ್ನು ನಾಳೆಯೇ ಕೇಳುತ್ತೇನೆ.

ಓಹಾಯೋ_ಒಗ್ಗರಣೆ

ಸ್ಕ್ರಬ್ಸ್ ವಿಷಯಕ್ಕೆ ಬರುತ್ತೇನೆ. ನಾನು ನರ್ಸ್, ಇದೇ ತಲೆನೋವು ನನಗೂ ಇತ್ತು.

ಸ್ಕ್ರಬ್ಸ್ ಲಾಡಿಗೆ ಮುಕ್ಕಾಲು ಕೆಜಿ ತೂಗಿದರೆ ಪ್ಯಾಂಟೇ ಇಳಿಯುತ್ತದೆ. ಲಾಡಿಗೆ ಕ್ಲಿಪ್ ಹಾಕುವ ಹೋಲ್‌ಸ್ಟರ್ ಮರೆತುಬಿಡಿ. ಎರಡು ದಾರಿ ಇವೆ. ಒಂದು, ಹೊಟ್ಟೆಗೆ ಸುತ್ತುವ ಬೆಲ್ಲಿ ಬ್ಯಾಂಡ್. ಬರೀ ಎಲಾಸ್ಟಿಕ್ ಬಟ್ಟೆಯದ್ದು ಬೇಡ, ಟ್ರಿಗರ್ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ ಕವಚ ಇರುವುದೇ ಆಗಬೇಕು. ಇನ್ನೊಂದು, ಬಟ್ಟೆಗೆ ಸಂಬಂಧವೇ ಇಲ್ಲದೆ ಮೈಗೇ ಕಟ್ಟಿಕೊಳ್ಳುವ ಪಟ್ಟಿ. ಫಿಲ್ಸ್ಟರ್ ಎನಿಗ್ಮಾ ಅಂತ ಬರುತ್ತದೆ. ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ಅದರ ಮೇಲೆ ಕೂರುತ್ತದೆ, ಸ್ಕ್ರಬ್ಸ್ ಮೇಲಿನಿಂದ ಬರುತ್ತದೆ. ಸರಿಯಾಗಿ ಕೂರಿಸಲು ತಾಳ್ಮೆ ಬೇಕು. ಒಮ್ಮೆ ಕೂತರೆ ಚೂಡಿದಾರದ ಒಳಗೂ ನಡೆಯುತ್ತದೆ, ಟಾಪ್ ಸ್ವಲ್ಪ ಸಡಿಲ ಇರಲಿ. ಸೀರೆಗೆ? ನೆರಿಗೆ ಮುಂದೆ, ಸೆರಗು ಮೇಲೆ. ತೆಗೆಯುವಷ್ಟರಲ್ಲಿ ಬೆಳಗಾಗಿರುತ್ತದೆ. ಹಬ್ಬದ ದಿನ ಮನೆಯಲ್ಲೇ ಬಿಟ್ಟು ಹೋಗಿ.

ವ್ಯಾನಿಟಿ ಬ್ಯಾಗಲ್ಲಿ ಇಟ್ಕೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆರು ವರ್ಷದ ಮಗು ಅಮ್ಮನ ಬ್ಯಾಗಿಗೆ ಕೈ ಹಾಕುವುದು ಚಾಕ್ಲೇಟಿಗೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಡಾಲಸ್_ದೇವು

ಒಗ್ಗರಣೆ ಅವರು ಹೇಳಿದ್ದು ನೂರಕ್ಕೆ ನೂರು. ಜೇಬಿನ ವಿಷಯ ಒಂದೇ ಮಾತು ಸೇರಿಸ್ತೀನಿ. ಜೇಬಲ್ಲಿ ಇಡುವುದಾದರೆ ಪಾಕೆಟ್ ಹೋಲ್‌ಸ್ಟರ್ ಕಡ್ಡಾಯ. ಆ ಜೇಬಲ್ಲಿ ಮತ್ತೇನೂ ಇರಬಾರದು. ಕೀ, ನಾಣ್ಯ, ಕರ್ಚೀಫ್, ಏನೂ. ಹ್ಯಾಮರ್ ಹೊರಗೆ ಚಾಚಿರುವ ಮಾಡೆಲ್ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. 642, 442, ಎಲ್‌ಸಿಆರ್ ಇವಕ್ಕೆ ಹ್ಯಾಮರ್ ಒಳಗೇ ಅಡಗಿರುತ್ತದೆ.

ಹಳೇ_ಕಬ್ಬಿಣ

ಹ್ಯಾಮರ್ ಮಾತು ಬಂತು, ನನಗೆ ತಡೆಯೋಕಾಗಲ್ಲ. ಗಿಡ್ಡ ಮೂತಿ ರಿವಾಲ್ವರ್ ಈ ಕಾಲದ್ದಲ್ಲ. ಕೋಲ್ಟ್‌ನವರ ಡಿಟೆಕ್ಟಿವ್ ಸ್ಪೆಷಲ್ ಬಂದಿದ್ದು 1927ರಲ್ಲಿ, ಆರು ಗುಂಡು. ಸ್ಮಿತ್ ಅಂಡ್ ವೆಸ್ಸನ್ 1950ರಲ್ಲಿ ಐದು ಗುಂಡಿನ ಚಿಕ್ಕದು ತಂತು. ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ತೋರಿಸಿದರು, ಅದಕ್ಕೇ ಚೀಫ್ಸ್ ಸ್ಪೆಷಲ್ ಅಂತ ಹೆಸರಾಯಿತು. ಇವತ್ತಿನ ಜೆ-ಫ್ರೇಮ್ ಮನೆತನ ಶುರುವಾಗಿದ್ದು ಅಲ್ಲಿಂದ. 1952ಕ್ಕೆ ಕಂಪನಿಗೆ ನೂರು ವರ್ಷ ತುಂಬಿದಾಗ ಹ್ಯಾಮರ್ ಮುಚ್ಚಿದ ಸೆಂಟೆನಿಯಲ್ ಬಂತು. ನಿಮ್ಮ 642 ಅದರ ವಂಶದ್ದೇ. ಗುಂಡು ಇನ್ನೂ ಹಳೇದು, .38 ಸ್ಪೆಷಲ್ 1898ರದ್ದು.

ಕೆಲಸಕ್ಕೆ ಬರುವ ಮಾತಿಗೆ ಬರ್ತೀನಿ. ಗನ್ ಬದಲಾಯಿಸುವ ಮುಂಚೆ ಗುಂಡು ಬದಲಾಯಿಸಿ ನೋಡಿ. 148 ಗ್ರೇನಿನ ವಾಡ್‌ಕಟರ್ ಕೇಳಿ. ಮೂತಿ ಚಪ್ಪಟೆ, ಟಾರ್ಗೆಟ್ ಹೊಡೆಯೋಕೆ ಮಾಡಿದ್ದು, ಒದೆತ ಬಹಳ ಕಡಿಮೆ. ಗಿಡ್ಡ ಬ್ಯಾರಲ್ಲಿನಿಂದ ಹೊರಟ .38 ಹಾಲೋ ಪಾಯಿಂಟ್‌ಗೆ (ತಗಲಿದಾಗ ಅರಳುವ, ಮೂತಿ ಪೊಳ್ಳಾದ ಗುಂಡು) ಎಷ್ಟೋ ಸಲ ಅರಳುವಷ್ಟು ವೇಗವೇ ಸಿಗುವುದಿಲ್ಲ. ಅದಕ್ಕೇ ಅನುಭವಿಗಳು ಜೆ-ಫ್ರೇಮಿಗೆ ವಾಡ್‌ಕಟರನ್ನೇ ಹಾಕಿಕೊಂಡು ಓಡಾಡ್ತಾರೆ. +ಪಿ (ಹೆಚ್ಚು ಒತ್ತಡದ) ಗುಂಡು ಹಗುರ ಗನ್ನಲ್ಲಿ ಕೈಗೆ ಹಿಂಸೆ, ಹೊಸಬರಿಗೆ ಬೇಡ.

ಇನ್ನೊಂದು. ಪಿಸ್ತೂಲ್ ಹಿಡಿಯುವ ಹಾಗೆ ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚಬೇಡಿ. ಸಿಲಿಂಡರಿಗೂ ಬ್ಯಾರಲ್ಲಿಗೂ ನಡುವೆ ಕೂದಲೆಳೆ ಸಂದು ಇರುತ್ತದೆ. ಅಲ್ಲಿಂದ ಬಿಸಿ ಗ್ಯಾಸ್, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತದೆ. ಬೆರಳು ಅಲ್ಲಿದ್ದರೆ ಸುಡುತ್ತದೆ. ಹೆಬ್ಬೆರಳು ಎರಡೂ ಕೆಳಗೆ ಮಡಚಿ ಹಿಡಿಯಿರಿ.

ಮೂಡಿಗೆರೆ_ಮೆಣಸು

ನೀವೆಲ್ಲ ತರಕಾರಿ ಆರಿಸುವ ಹಾಗೆ ಮಾತಾಡ್ತಿದ್ದೀರಿ, ಓದಿ ಖುಷಿ ಆಯ್ತು. ನಮಗೆ ಇಲ್ಲಿ ಆರಿಸುವ ಸುಖವೇ ಇಲ್ಲ. ಅಪ್ಪನ ಕಾಲದ ಲೈಸೆನ್ಸ್. ಹೊಸದಕ್ಕೆ ಅರ್ಜಿ ಹಾಕಿದರೆ ಪೊಲೀಸ್ ವರದಿ, ಡಿಸಿ ಆಫೀಸು ಅಂತ ಚಪ್ಪಲಿ ಸವೆಯುತ್ತದೆ. ನಮ್ಮಂಥವರಿಗೆ ಸಿಗುವುದು .32 ಬೋರ್. .38, 9 ಎಂಎಂ ಎಲ್ಲ ನಿಷೇಧಿತ ಪಟ್ಟಿಯಲ್ಲಿ ಇವೆ.

ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್‌ಗಳೇ ಇಲ್ಲಿ ಜಾಸ್ತಿ. 2014ರಲ್ಲಿ ನಿರ್ಭೀಕ್ ಅಂತ ಬಂತು. ಹೆಂಗಸರಿಗೆ ಅಂತಲೇ ಮಾಡಿದ್ದು, ಅರ್ಧ ಕೆಜಿ ತೂಕ. ಬೆಲೆ ಲಕ್ಷದ ಮೇಲೆ ಇತ್ತು. ನಡು ಮುರಿದು ಗುಂಡು ತುಂಬುವ ಹಳೇ ವೆಬ್ಲಿ ಮಾದರಿ. 2023ರಲ್ಲಿ ಪ್ರಬಲ್ ಬಂತು, ಅದರ ಸಿಲಿಂಡರ್ ನಿಮ್ಮ ಕಡೆಯದರ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ಚುನಾವಣೆ ಬಂದರೆ ಅದನ್ನೂ ಕಟ್ಟಿಕೊಂಡು ಠಾಣೆಗೆ ಹೋಗಿ ಒಪ್ಪಿಸಿ ರಸೀದಿ ತಗೋಬೇಕು. ಫಲಿತಾಂಶ ಬಂದ ಮೇಲೆ ಮತ್ತೆ ತರಬೇಕು.

ಒಂದು ಮಾತ್ರ ಹೇಳ್ತೀನಿ. .32 ಹೊಡೆಯೋಕೆ ಬಲು ಮೆತ್ತಗೆ. ನಮ್ಮಮ್ಮನೇ ಹೊಡೀತಾರೆ.

ಓಹಾಯೋ_ಒಗ್ಗರಣೆ

ಮೆಣಸು ಅವರೇ, ನಿಮ್ಮ ಮಾತಲ್ಲೇ ಸೀತಾಫಲ ಅವರಿಗೆ ಉತ್ತರ ಇದೆ! ಇಲ್ಲಿ ಎಲ್ಲರೂ .38 ಹಿಂದೆ ಬಿದ್ದಿದ್ದಾರೆ. .32 ಕಡೆ ಯಾರೂ ನೋಡ್ತಿಲ್ಲ.

ರೂಗರ್ ಎಲ್‌ಸಿಆರ್ .327 ಫೆಡರಲ್ ಮ್ಯಾಗ್ನಮ್‌ನಲ್ಲೂ ಬಂದಿದೆ. ಸುಮಾರು 17 ಔನ್ಸ್, ಆರು ಗುಂಡು. .327 ಜೋರು, ಅದು ನಿಮಗೆ ಬೇಡ. ಆದರೆ ಅದೇ ಸಿಲಿಂಡರಿಗೆ .32 ಎಚ್ ಅಂಡ್ ಆರ್ ಮ್ಯಾಗ್ನಮ್ ಹೋಗುತ್ತದೆ, .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಕೂಡ ಹೋಗುತ್ತದೆ. ಈ ಕೊನೆಯದು ಮೂಡಿಗೆರೆಯಲ್ಲಿ ಅವರಮ್ಮ ಹೊಡೆಯುವ ಜಾತಿಯದೇ. ಲಾಂಗ್‌ನಲ್ಲಿ ಕಲಿಯಿರಿ, ಎಚ್ ಅಂಡ್ ಆರ್ ಹಾಕಿಕೊಂಡು ಒಯ್ಯಿರಿ.

ಸ್ಮಿತ್‌ನವರು 2024ರಲ್ಲಿ ಲಿಪ್ಸೀಸ್ ಅನ್ನುವ ಸಗಟು ವಿತರಕರ ಜೊತೆ ಸೇರಿ ಅಲ್ಟಿಮೇಟ್ ಕ್ಯಾರಿ ಅನ್ನುವ ಸಾಲು ತಂದರು. ಅದರಲ್ಲಿ 432ಯುಸಿ, 632ಯುಸಿ ಎರಡೂ .32 ಎಚ್ ಅಂಡ್ ಆರ್, ಆರು ಗುಂಡು. ಹಿಡಿ ಎತ್ತರಕ್ಕೆ ಹೋಗಿ ಕೈಗೆ ಚೆನ್ನಾಗಿ ತುಂಬುತ್ತದೆ. ಮುಖ್ಯವಾಗಿ ಕಣ್ಣಿಗೆ ಕಾಣುವ ಸೈಟ್ ಇದೆ. ಮಾಮೂಲಿ 642ರಲ್ಲಿ ಹಿಂದಿನ ಸೈಟ್ ಅಂದರೆ ಫ್ರೇಮ್ ಮೇಲೆ ಕೊರೆದ ಒಂದು ಗೀರು ಅಷ್ಟೇ, ಅರೆಗತ್ತಲಲ್ಲಿ ದೇವರೇ ಗತಿ. ಬೆಲೆ ಮಾತ್ರ ಏಳೆಂಟು ನೂರು ಡಾಲರ್.

ಕಿರಿಕಿರಿಯೂ ಇದೆ. .32 ಗುಂಡು ಪ್ರತಿ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕಿದರೂ .38ಗಿಂತ ದುಬಾರಿ. ಆನ್‌ಲೈನಲ್ಲಿ ಕಂಡಾಗ ಒಂದಿಷ್ಟು ತರಿಸಿ ಇಟ್ಟುಕೊಳ್ಳಬೇಕು.

ಹ್ಯೂಸ್ಟನ್_ಹರಟೆ

ನನ್ನದು ಬೇರೆ ರಾಗ. ಸ್ಲೈಡ್ ಎಳೆಯೋಕೆ ಆಗಲ್ಲ ಅನ್ನುವ ಒಂದೇ ಕಾರಣಕ್ಕೆ ರಿವಾಲ್ವರ್ ಕೊಳ್ಳಬೇಡಿ. ರಿವಾಲ್ವರ್ ಟ್ರಿಗರ್ ಏನು ಸುಲಭವಾ? 642ರದ್ದು ಹನ್ನೆರಡು ಪೌಂಡ್ ಹತ್ತಿರ ಇರುತ್ತದೆ. ಗನ್ನಿನ ತೂಕಕ್ಕಿಂತ ಹತ್ತು ಪಟ್ಟು ಜಾಸ್ತಿ ಬಲದಲ್ಲಿ ಬೆರಳು ಎಳೆಯಬೇಕು, ಮೂತಿ ಅಲುಗಬಾರದು. ಕಲಿಯುವವರಿಗೆ ಇದೇ ದೊಡ್ಡ ಗೋಡೆ. 2018ರಿಂದ ಸ್ಮಿತ್‌ನವರ 380 ಶೀಲ್ಡ್ ಇಝೀ ಅಂತ ಪಿಸ್ತೂಲ್ ಬರುತ್ತಿದೆ. ಸ್ಲೈಡ್ ಸುಲಭವಾಗಿ ಎಳೆಯಲಿ ಅಂತಲೇ ಮಾಡಿದ್ದು. ಮ್ಯಾಗಝೀನಲ್ಲಿ ಎಂಟು ಗುಂಡು. ಒಮ್ಮೆ ಕೈಯಲ್ಲಿ ಹಿಡಿದು ನೋಡಿ.

ಡಾಲಸ್_ದೇವು

ಇಝೀ ಒಳ್ಳೇದೇ, ಆದರೆ ಉದ್ದ, ಚಪ್ಪಟೆ. ಅವರ ಮೈಗೆ ಕಟ್ಟುವ ಪಟ್ಟಿಯಲ್ಲಿ ಹೇಗೆ ಕೂರುತ್ತದೋ ನೋಡಬೇಕು. ಟ್ರಿಗರ್ ಬಗ್ಗೆ ನೀವು ಹೇಳಿದ್ದು ನಿಜ. ಎಲ್‌ಸಿಆರ್‌ನಲ್ಲಿ ಬೇರೆ ಥರದ ಕ್ಯಾಮ್ ಇದೆ. ಎಳೆತ ನುಣುಪು, ನಡುವೆ ಗುಡ್ಡ ಹತ್ತಿದ ಹಾಗೆ ಬಿಗಿಯಾಗುವುದಿಲ್ಲ. ಬೆರಳಲ್ಲಿ ಶಕ್ತಿ ಕಡಿಮೆ ಇರುವವರಿಗೆ ನಾನು ಕಣ್ಣು ಮುಚ್ಚಿ ಎಲ್‌ಸಿಆರ್ ಹೇಳ್ತೀನಿ.

ಒಂದು ಎಚ್ಚರ. ಎಲ್‌ಸಿಆರ್‌ನಲ್ಲಿ ಗುಂಡು ಹೊಡೆದ ಮೇಲೆ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡಬೇಕು. ಅರ್ಧ ಬಿಟ್ಟು ಮತ್ತೆ ಎಳೆದರೆ ಸರಿಯಾಗಿ ಕಚ್ಚುವುದಿಲ್ಲ. ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವುದು) ಮಾಡಿ ಅಭ್ಯಾಸ ಮಾಡ್ಕೊಳ್ಳಿ. ಸ್ನ್ಯಾಪ್ ಕ್ಯಾಪ್ (ಅಭ್ಯಾಸದ ಡಮ್ಮಿ ಗುಂಡು) ತಗೊಳ್ಳಿ. ನಿಜವಾದ ಗುಂಡು ಬೇರೆ ಕೋಣೆಯಲ್ಲಿ ಇರಲಿ, ಮೂತಿ ಎದುರಿಗೆ ಗಟ್ಟಿ ಗೋಡೆ ಇರಲಿ.

ಕೈಲ್‌ಪೊದ್_ಕುಟ್ಟ

ನಾವು ಕೊಡಗಿನವರು. ಕೈಲ್‌ಪೊದ್‌ಗೆ ಕೋವಿ ತೊಳೆದು, ಎಣ್ಣೆ ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ ಬೆಳೆದವರು. ಈಗ ನಾರ್ತ್ ಕೆರೊಲಿನಾದಲ್ಲಿದ್ದೀನಿ. ಇಲ್ಲಿಯವರ ಹತ್ತಿರ ಗನ್ ಬಹಳ ಇವೆ, ಒರೆಸುವ ಬಟ್ಟೆ ಇಲ್ಲ!

ರಿವಾಲ್ವರ್ ಕೆಡೋದೇ ಇಲ್ಲ ಅಂತ ಅಂಗಡಿಯವರು ಹೇಳ್ತಾರೆ. ಕೆಡುತ್ತದೆ. ಸಿಲಿಂಡರ್ ಹೊರಗೆ ತೆಗೆದು ಕಡ್ಡಿ ಒತ್ತಿದರೆ ಹಿಂದೆ ನಕ್ಷತ್ರದ ಆಕಾರದ ತುಂಡು ಮೇಲೇಳುತ್ತದಲ್ಲ, ಅದರ ಅಡಿಗೆ ನೋಡಿ. ಸುಡದೆ ಉಳಿದ ಮದ್ದಿನ ಒಂದೇ ಒಂದು ಕಾಳು ಅಲ್ಲಿ ಕೂತರೆ ನಕ್ಷತ್ರ ಸರಿಯಾಗಿ ಒಳಗೆ ಕೂರುವುದಿಲ್ಲ. ಸಿಲಿಂಡರ್ ಮುಚ್ಚಲು ಒದ್ದಾಡುತ್ತದೆ. ಮುಚ್ಚಿದರೂ ಟ್ರಿಗರ್ ಕಲ್ಲಾಗುತ್ತದೆ. ಖಾಲಿ ಕೇಸ್ ತೆಗೆಯುವಾಗ ಮೂತಿಯನ್ನು ಆಕಾಶಕ್ಕೆ ಮಾಡಿ, ಕಡ್ಡಿಯನ್ನು ಅಂಗೈಯಿಂದ ಒಂದೇ ಏಟಿಗೆ ಜೋರಾಗಿ ಒತ್ತಿ. ಕಸ ಕೆಳಗೆ ಬೀಳುತ್ತದೆ. ನಿಧಾನಕ್ಕೆ ಒತ್ತಿದರೆ ಒಂದು ಕೇಸ್ ನಕ್ಷತ್ರದ ಅಡಿಗೆ ಸಿಕ್ಕಿಕೊಳ್ಳುತ್ತದೆ, ಆಗ ಉಗುರಿನಲ್ಲಿ ಕೀಳುತ್ತಾ ಕೂರಬೇಕು. ಹಳೇ ಟೂತ್ ಬ್ರಶ್ ಒಂದು ಇಟ್ಟುಕೊಳ್ಳಿ, ಸಾಕು.

ಹ್ಯೂಸ್ಟನ್ ಸೆಕೆ ನಮ್ಮ ಮಳೆಗಾಲಕ್ಕೆ ಕಡಿಮೆ ಇಲ್ಲ. ಮೈಗೆ ಅಂಟಿಕೊಂಡೇ ಇರುವ ಗನ್ ಬೆವರಿಗೆ ತುಕ್ಕು ಹಿಡಿಯುತ್ತದೆ. ಸ್ಕ್ರೂ ತಲೆಯಲ್ಲಿ ಮೊದಲು ಶುರು. ವಾರಕ್ಕೊಮ್ಮೆ ಎಣ್ಣೆ ಬಟ್ಟೆ.

ಎಚ್‌ಒನ್‌ಬಿ_ಏಕಾಂಗಿ

ಅಣ್ಣಂದಿರೇ ಅಕ್ಕಂದಿರೇ, ನಾನು ಎಚ್-1ಬಿ ಮೇಲೆ ಆಸ್ಟಿನ್‌ನಲ್ಲಿ ಇದ್ದೀನಿ. ನಾನೂ ತಗೋಬಹುದಾ? ಟೆಕ್ಸಸ್‌ನಲ್ಲಿ 2021ರಿಂದ ಪರ್ಮಿಟ್ಟೇ ಬೇಡ ಅಂತಾರಲ್ಲ.

ಹ್ಯೂಸ್ಟನ್_ಹರಟೆ

ತಮ್ಮಾ, ನಿಲ್ಲು. ರಾಜ್ಯದ ಕಾನೂನು ಬೇರೆ, ಫೆಡರಲ್ ಕಾನೂನು ಬೇರೆ. ಎಚ್-1ಬಿ, ಎಫ್-1 ಥರದ ನಾನ್‌ಇಮಿಗ್ರೆಂಟ್ ವೀಸಾದವರು ಗನ್ ಕೊಳ್ಳುವುದಕ್ಕೂ ಇಲ್ಲ, ಇಟ್ಟುಕೊಳ್ಳುವುದಕ್ಕೂ ಇಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಅನ್ನುವ ಒಂದು ವಿನಾಯಿತಿ ಇದೆ, ಜನ ಅದನ್ನು ಹಿಡಿದು ಜೋತು ಬೀಳ್ತಾರೆ. ವಕೀಲರನ್ನು ಕೇಳದೆ ಆ ದಾರಿಗೆ ಹೋಗಬೇಡ. ತಪ್ಪಾದರೆ ಜೈಲು ಮಾತ್ರ ಅಲ್ಲ, ಗ್ರೀನ್ ಕಾರ್ಡ್ ಕನಸೂ ಮುಗೀತು.

ಗೆಳೆಯನ ಹೆಸರಲ್ಲಿ ತರಿಸುವುದು ಅಂತೂ ಬೇಡವೇ ಬೇಡ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ನಿಜವಾಗಿ ಕೊಳ್ಳುವವರು ನೀವೇನಾ ಅಂತ ಕೇಳುತ್ತಾರೆ. ಅಲ್ಲಿ ಸುಳ್ಳು ಹೇಳಿದರೆ ದೊಡ್ಡ ಅಪರಾಧ. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್, ಇನ್ನೊಬ್ಬರಿಗೆ ಎಚ್-1ಬಿ ಇದ್ದರೂ ಹುಷಾರು. ಸೇಫಿನ ಕೀ ಇಬ್ಬರ ಕೈಗೂ ಸಿಗುವಂತಿದ್ದರೆ ಅದೂ ಇಟ್ಟುಕೊಂಡ ಲೆಕ್ಕಕ್ಕೆ ಬರಬಹುದು.

ಸೀತಾಫಲ ಅವರೇ, ಪರ್ಮಿಟ್ ಬೇಡ ಅಂತ ತರಗತಿ ಬಿಡಬೇಡಿ. ಶಾಲೆಯಿಂದ 1,000 ಅಡಿ ಒಳಗೆ ಗನ್ ಇರಬಾರದು ಅಂತ ಫೆಡರಲ್ ಕಾನೂನು ಇದೆ. ರಾಜ್ಯ ಕೊಟ್ಟ ಲೈಸೆನ್ಸ್ ಇದ್ದರೆ ಆ ರಾಜ್ಯದಲ್ಲಿ ವಿನಾಯಿತಿ. ಮಗಳನ್ನು ಶಾಲೆಗೆ ಬಿಡಲು ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಶಾಲೆ ಒಳಗೆ ಒಯ್ಯುವಂತಿಲ್ಲ, ಪೋಸ್ಟ್ ಆಫೀಸಿಗೂ ಇಲ್ಲ. ಬಾಗಿಲಲ್ಲಿ 30.06 ಬೋರ್ಡ್ (ಗನ್ ಮರೆಮಾಡಿ ಒಳಗೆ ತರಬೇಡಿ ಅನ್ನುವ ಟೆಕ್ಸಸ್ ಸೂಚನೆ) ಕಂಡರೆ ವಾಪಸ್ ಬನ್ನಿ, ಅದು ದೇವಸ್ಥಾನವೇ ಆಗಿರಲಿ.

ಶಿವಮೊಗ್ಗ_ಸೀತಾಫಲ

ರೇಂಜಿಗೆ ಹೋಗಿ ಬಂದೆ. ದೇವು ಅವರು ಹೇಳಿದ ಹಾಗೆ 642 ಮತ್ತು 640 ಎರಡನ್ನೂ ಬಾಡಿಗೆಗೆ ತಗೊಂಡೆ. ಮೊದಲು 642, ಅವರೇ ಕೊಟ್ಟ 130 ಗ್ರೇನ್ ಮಾಮೂಲಿ ಗುಂಡು. ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಕೆಂಪಾಗಿತ್ತು. ಕೊನೆಯ ಗುಂಡಿಗೆ ಮುಂಚೆಯೇ ಕಣ್ಣು ಮುಚ್ಚುತ್ತಿದ್ದೆ ಅಂತ ಯಜಮಾನರು ಹೇಳಿದರು. ಹಳೇ_ಕಬ್ಬಿಣ ಅವರ ವಾಡ್‌ಕಟರ್ ಹಾಕಿದ ಮೇಲೆ ಪರವಾಗಿಲ್ಲ ಅನ್ನಿಸಿತು.

640 ಬೇರೆಯದೇ ಲೋಕ. ಅದೇ ವಾಡ್‌ಕಟರ್ ಅದರಲ್ಲಿ ಹಾಕಿದರೆ ಕಲಿಯುವ ಗನ್ ಥರ ಇದೆ. ಏಳು ಗಜದಲ್ಲಿ ಎಲ್ಲವೂ ಕಾಗದದ ನಡುವೆಯೇ ಬಿದ್ದವು. ಆದರೆ ಬೆಲ್ಲಿ ಬ್ಯಾಂಡಲ್ಲಿ ಸಿಕ್ಕಿಸಿ ಅಲ್ಲೇ ಓಡಾಡಿದೆ, ಇದೆ ಅಂತ ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ.

ಪಕ್ಕದ ಲೇನಿನ ಅಜ್ಜಿ ಒಬ್ಬರು ನನ್ನ ಮುಖ ನೋಡಿ ತಮ್ಮ ಎಲ್‌ಸಿಆರ್ ಕೊಟ್ಟರು. ಅದು .327ದ್ದು! ಒಳಗೆ .32 ಎಚ್ ಅಂಡ್ ಆರ್ ಇತ್ತು. ಸದ್ದು ಚುರುಕು, ಒದೆತ ಕಡಿಮೆ, ಕಣ್ಣು ಮುಚ್ಚಲಿಲ್ಲ.

ಡಾಲಸ್_ದೇವು

ಕಣ್ಣು ಮುಚ್ಚದ ಗನ್ ಸಿಕ್ಕಿತಲ್ಲ, ಇನ್ನೇನು ಬೇಕು! ಎಲ್‌ಟಿಸಿ ಪರೀಕ್ಷೆಗೆ 50 ಗುಂಡು ಹೊಡೆಯಬೇಕು, 3, 7, 15 ಗಜದಲ್ಲಿ. 15 ಗಜದ ಹತ್ತು ಗುಂಡು ಗಿಡ್ಡ ಬ್ಯಾರಲ್ಲಿಗೆ ಕಷ್ಟ. ಪರೀಕ್ಷೆಗೆ ಬೇರೆ ದೊಡ್ಡ ಗನ್ ಒಯ್ದರೂ ನಡೆಯುತ್ತದೆ. ಹೊಟ್ಟೆಕಿಚ್ಚಿನವರು ಇದನ್ನು ಮೋಸ ಅಂತಾರೆ. ತಲೆ ಕೆಡಿಸ್ಕೋಬೇಡಿ. ಆದರೆ ದಿನಾ ಒಯ್ಯುವುದರಲ್ಲೇ ಅಭ್ಯಾಸ ಮಾಡಿ.

ಹಳೇ_ಕಬ್ಬಿಣ

ಎಲ್‌ಸಿಆರ್ .327 ಹೊಸದು ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ನೋಡ್ತೀರಿ ಅಂದುಕೊಂಡು ಹೇಳ್ತೀನಿ. ಖಾಲಿ ಇದೆಯಾ ಅಂತ ಸಿಲಿಂಡರ್ ತೆರೆದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಅಂಗಡಿಯವರ ಅನುಮತಿ ಕೇಳಿ ಟ್ರಿಗರನ್ನು ಪೂರ್ತಿ ಹಿಂದಕ್ಕೆ ಎಳೆದು ಹಾಗೇ ಹಿಡಿದುಕೊಳ್ಳಿ. ಈಗ ಇನ್ನೊಂದು ಕೈಯಲ್ಲಿ ಸಿಲಿಂಡರ್ ಅಲ್ಲಾಡಿಸಿ. ಪಕ್ಕಕ್ಕೆ ಒಂಚೂರು ಅಲುಗಿದರೆ ಪರವಾಗಿಲ್ಲ. ಹಿಂದೆ ಮುಂದೆ ಟಕ್ ಟಕ್ ಅಂದರೆ ಬೇಡ. ಬ್ಯಾರಲ್ ಹಿಂಬದಿಯ ಬಾಯಿಗೆ ಟಾರ್ಚ್ ಬಿಡಿ, ಬಿರುಕು ಇರಬಾರದು. ಹೊರಗಿನ ಗೀರು ಎಷ್ಟಿದ್ದರೂ ಚಿಂತೆ ಇಲ್ಲ. ಜೇಬಲ್ಲಿ ಸವೆದ ಗನ್ ಬಹಳ ಸಲ ಹೊಡೆದೇ ಇರದ ಗನ್.

ಮೂಡಿಗೆರೆ_ಮೆಣಸು

ರಜೆಗೆ ಊರಿಗೆ ಬರುವಾಗ ಒಂದು ಮಾತು ನೆನಪಿರಲಿ. ರೇಂಜಿಗೆ ಒಯ್ಯುವ ಬ್ಯಾಗನ್ನು ವಿಮಾನಕ್ಕೆ ತರಬೇಡಿ. ಮೂಲೆಯಲ್ಲಿ ಒಂದು ಗುಂಡು ಉಳಿದಿದ್ದರೂ ಇಲ್ಲಿನ ವಿಮಾನ ನಿಲ್ದಾಣದ ಸ್ಕ್ಯಾನರ್ ಹಿಡಿಯುತ್ತದೆ. ಮರೆತೆ ಅಂದರೆ ಬಿಡೋದಿಲ್ಲ. ಆರ್ಮ್ಸ್ ಆಕ್ಟ್ ಕೇಸ್, ವಕೀಲ, ಕೋರ್ಟು. ರಜೆ ಪೂರ್ತಿ ಅದರಲ್ಲೇ ಕಳೆಯುತ್ತದೆ. ಜಾಕೆಟ್ ಜೇಬೂ ನೋಡಿಕೊಳ್ಳಿ.

ಶಿವಮೊಗ್ಗ_ಸೀತಾಫಲ

ಎಲ್ಲರಿಗೂ ಥ್ಯಾಂಕ್ಸ್. ಎಲ್‌ಸಿಆರ್ .327 ಅಂತ ನಿರ್ಧಾರ ಆಯ್ತು. 432ಯುಸಿ ಆಸೆ ಇತ್ತು, ಬೆರಳು ಎಲ್‌ಸಿಆರ್ ಟ್ರಿಗರನ್ನೇ ಒಪ್ಪಿತು. ಹೋಲ್‌ಸ್ಟರ್ ಮತ್ತು ಕಾರಿನ ಬಾಕ್ಸ್ ಮೊದಲೇ ತರಿಸಿದ್ದೇನೆ. ಬಾಕ್ಸಿಗೆ ಹೋಲ್‌ಸ್ಟರ್ ಸಮೇತ ಹಿಡಿಸುತ್ತದಾ ಅಂತ ಅಳತೆ ಹಾಕಿಯೇ ತರಿಸಿದ್ದು, ಹರಟೆ ಅವರೇ. ಸೆಕ್ಯುರಿಟಿಯವರೂ ಗ್ಯಾರೇಜಿಗೆ ಜೊತೆಗೆ ಬರುತ್ತಿದ್ದಾರೆ. ಈಗ ನನ್ನ ಜೊತೆ ಇನ್ನಿಬ್ಬರು ನರ್ಸ್‌ಗಳೂ ಸೇರಿಕೊಂಡಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ಆರು ಗುಂಡಿನ .32ಗೆ ಬೇಗ ಮತ್ತೆ ಗುಂಡು ತುಂಬಲು ಸ್ಪೀಡ್ ಸ್ಟ್ರಿಪ್ ಸಾಕಾ, ಸ್ಪೀಡ್ ಲೋಡರ್ ಬೇಕಾ?

ಓಹಾಯೋ_ಒಗ್ಗರಣೆ

ಸ್ಟ್ರಿಪ್ ತಗೊಳ್ಳಿ. ಚಪ್ಪಟೆಯಾಗಿ ಸ್ಕ್ರಬ್ಸ್ ಜೇಬಲ್ಲಿ ಮಲಗುತ್ತದೆ. ಲೋಡರ್ ಉಂಡೆ, ಎದ್ದು ಕಾಣುತ್ತದೆ. ಅದರಿಂದ ವೇಗವೇನೋ ಜಾಸ್ತಿ, ಆದರೆ ಮನೆಯಲ್ಲೇ ಉಳಿಯುತ್ತದೆ. ಆಸ್ಪತ್ರೆ ಒಳಗೆ ಹೋಗುವಾಗ ಸ್ಟ್ರಿಪ್ಪನ್ನೂ ಬಾಕ್ಸಿಗೇ ಹಾಕಿ, ಜೇಬಲ್ಲಿ ಬಿಡಬೇಡಿ.

ಎಚ್‌ಒನ್‌ಬಿ_ಏಕಾಂಗಿ

ಯಾರಾದರೂ ಹಳೇ 642 ಮಾರುವವರಿದ್ದರೆ ನನ್ನ ಗ್ರೀನ್ ಕಾರ್ಡ್ ಬರುವವರೆಗೆ ಎತ್ತಿಡ್ತೀರಾ? ಇಬಿ-2 ಸಾಲಿನಲ್ಲಿ ಇದ್ದೀನಿ.

ಹಳೇ_ಕಬ್ಬಿಣ

ತಮ್ಮಾ, ಅಷ್ಟು ವರ್ಷಕ್ಕೆ ಅದು ಮ್ಯೂಸಿಯಂಗೆ ಹೋಗಿರುತ್ತದೆ.

ಮಾಡರೇಟರ್

ಇಲ್ಲಿ ಗನ್ ಆಗಲಿ ಗುಂಡಾಗಲಿ ಮಾರುವುದು, ಕೊಳ್ಳುವುದು, ಎತ್ತಿಡುವುದು ಯಾವುದೂ ಇಲ್ಲ, ತಮಾಷೆಗೂ ಇಲ್ಲ. ಹೋಲ್‌ಸ್ಟರ್ ಬಗ್ಗೆ ಬೇರೆ ಚರ್ಚೆ ತೆರೆದಿದ್ದೇನೆ, ಮುಂದಿನ ಮಾತು ಅಲ್ಲಿ ಆಡಿ.